ಹೊಳೆದದ್ದು ಒಂದು ಗಳಿಗೆ, ಆಮೇಲೆ ಹದಿನಾಲ್ಕು ವರ್ಷ

(ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಮೇಲೆ ಬರುವ ಮುಂಚೆ ನಿಮ್ಮ ಪ್ರಾಜೆಕ್ಟ್ ಪ್ರದರ್ಶನವನ್ನು ಒಂದು ಸುತ್ತು ನೋಡಿದೆ. ಸ್ಮಾರ್ಟ್ ಕಸದ ಬುಟ್ಟಿ ನಾಲ್ಕು ಕಂಡವು. ಕೈ ಹತ್ತಿರ ಒಯ್ದರೆ ಮುಚ್ಚಳ ತಾನೇ ಏಳುತ್ತದೆ. ಎದುರಿಗೆ ಏನಾದರೂ ಬಂದರೆ ಬೀಪ್ ಅನ್ನುವ ಕೋಲು, ಕಣ್ಣು ಕಾಣದವರಿಗೆ ಅಂತ ಮಾಡಿದ್ದು, ಅದು ಮೂರು. ನಾನು ಮೂವತ್ತು ವರ್ಷ ವರ್ಕ್‌ಶಾಪ್‌ನಲ್ಲಿ ಪಾಠ ಮಾಡಿದವನು. ಈ ಕೋಲಿಗೂ ನನಗೂ ಹಳೇ ಪರಿಚಯ. ಪ್ರತಿ ವರ್ಷ ಸಿಗುತ್ತದೆ.

ಕೋಲು ಮಾಡಿದ ಹುಡುಗನನ್ನು ಕೇಳಿದೆ, "ಇದನ್ನ ಕಣ್ಣು ಕಾಣದ ಯಾರ ಕೈಗಾದರೂ ಕೊಟ್ಟು ನೋಡಿದ್ಯಾ?" "ಇಲ್ಲ ಸರ್, ನಾನೇ ಕಣ್ಣು ಮುಚ್ಚಿಕೊಂಡು ಕಾರಿಡಾರ್‌ನಲ್ಲಿ ನಡೆದು ನೋಡಿದೆ" ಅಂದ. ಪರವಾಗಿಲ್ಲ, ಅಷ್ಟಾದರೂ ಮಾಡಿದ್ದಾನೆ. ಉಳಿದಿಬ್ಬರು ಅದನ್ನೂ ಮಾಡಿರಲಿಲ್ಲ. ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಇಂಥದ್ದೇ ಒಂದು ಪೆದ್ದತನ ಇದೆ, ಆಮೇಲೆ ಹೇಳುತ್ತೇನೆ.

ಹೊಸದನ್ನು ಕಂಡುಹಿಡಿಯುವುದು ಹೇಗೆ ಅಂತ ಮಾತಾಡಿ ಅಂದರು ನಿಮ್ಮ ಮೇಷ್ಟ್ರು. ಈ ವಿಷಯಕ್ಕೆ ಕಥೆಗಳ ಬರ ಇಲ್ಲ. ಸೇಬು ಬಿತ್ತು, ನ್ಯೂಟನ್‌ಗೆ ಹೊಳೆಯಿತು. ತೊಟ್ಟಿಯಲ್ಲಿ ಕೂತ ಆರ್ಕಿಮಿಡೀಸ್, ನೀರು ಉಕ್ಕಿತು, ಎದ್ದು ಓಡಿದ. ರಾಡಾರ್ ಕಂಪನಿಯ ಪರ್ಸಿ ಸ್ಪೆನ್ಸರ್ ಜೇಬಿನಲ್ಲಿ ಚಾಕೊಲೇಟ್ ಕರಗಿತು, ಮೈಕ್ರೋವೇವ್ ಒಲೆ ಬಂತು. ಇವೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಲವು ಸ್ವಲ್ಪ ಉಪ್ಪು ಖಾರ ಹಚ್ಚಿದವು, ಇರಲಿ. ನನ್ನ ತಕರಾರು ಬೇರೆ. ಈ ಕಥೆಗಳನ್ನು ತಪ್ಪು ಜಾಗದಲ್ಲಿ ಕತ್ತರಿಸಿದ್ದಾರೆ. ಇಂಟರ್‌ವಲ್‌ಗೇ ಶುಭಂ ಅಂತ ಹಾಕಿ ಲೈಟ್ ಹಚ್ಚಿದ ಹಾಗೆ. ಹೊಳೆಯಿತು, ಸರಿ. ಮರುದಿನ ಬೆಳಿಗ್ಗೆ ಎದ್ದು ಆತ ಏನು ಮಾಡಿದ? ನಾವು ಕಲಿಯಬೇಕಾದದ್ದು ಅಲ್ಲಿದೆ. ಹೊಳೆಯುವುದನ್ನು ಯಾರೂ ಯಾರಿಗೂ ಕಲಿಸಲಾರರು. ಮರುದಿನದ ಕೆಲಸವನ್ನು ಕಲಿಸಬಹುದು.

ಒಂದು ಚಿಕ್ಕ ಉದಾಹರಣೆ ತಗೊಳ್ಳಿ. ನಿಮ್ಮಲ್ಲಿ ಅರ್ಧ ಜನರ ಬ್ಯಾಗಿನಲ್ಲೋ ಚಪ್ಪಲಿಯಲ್ಲೋ ಚರ್ರ್ ಅಂತ ಬಿಚ್ಚುವ ಪಟ್ಟಿ ಇದೆ, ವೆಲ್ಕ್ರೋ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಅನ್ನುವ ಇಂಜಿನಿಯರ್ ನಾಯಿ ಕರೆದುಕೊಂಡು ಬೆಟ್ಟದ ಕಡೆ ಹೋಗಿ ಬಂದ. ಪ್ಯಾಂಟಿಗೆ, ನಾಯಿಯ ಕೂದಲಿಗೆ ಮುಳ್ಳುಕಾಯಿ ಅಂಟಿದ್ದವು. ನಮ್ಮ ಹೊಲದ ಬದುವಿನಲ್ಲಿ ಉತ್ತರಾಣಿ ಧೋತರಕ್ಕೆ ಅಂಟುತ್ತದಲ್ಲ, ಹಾಗೆ. ಆತ ಅದನ್ನು ಕಿತ್ತು ಬಿಸಾಕದೆ ಮೈಕ್ರೋಸ್ಕೋಪ್ ಕೆಳಗಿಟ್ಟ. ಮುಳ್ಳಿನ ತುದಿಯಲ್ಲಿ ಸಣ್ಣ ಕೊಕ್ಕೆ ಕಂಡಿತು. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ.

ಅವನಿಗೆ ಪೇಟೆಂಟ್ ಕೈಗೆ ಬಂದದ್ದು 1955ರಲ್ಲಿ. ಲೆಕ್ಕ ಹಾಕಿ, ಹದಿನಾಲ್ಕು ವರ್ಷ. ಬಟ್ಟೆ ನೇಯುವವರ ಹತ್ತಿರ ಹೋದರೆ ನಕ್ಕು ಕಳಿಸಿದರು. ಫ್ರಾನ್ಸಿನ ಲಿಯಾನ್ ಊರಿನ ಒಬ್ಬ ನೇಕಾರ ಹತ್ತಿಯಲ್ಲಿ ಮಾಡಿಕೊಟ್ಟ. ಅದು ಅಂಟಿತು, ಆದರೆ ಕೆಲವು ಸಲ ಬಿಚ್ಚಿ ಹಾಕುವುದರೊಳಗೆ ಸವೆದುಹೋಯಿತು. ಆಗ ನೈಲಾನ್ ಹೊಸದು. ನೈಲಾನ್ ಎಳೆಗೆ ಶಾಖ ಕೊಟ್ಟರೆ ಬಗ್ಗಿದ ಆಕಾರದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು ಗೊತ್ತಾಯಿತು. ಕೊಕ್ಕೆ ಸಿಕ್ಕಿಕೊಳ್ಳಲು ಬೇಕಾದ ಕುಣಿಕೆ ಸಿಕ್ಕಿತು. ಇನ್ನು ಕೊಕ್ಕೆ? ಕುಣಿಕೆಯನ್ನೇ ಸರಿಯಾದ ಜಾಗದಲ್ಲಿ ಕತ್ತರಿಸಿದರೆ ಕೊಕ್ಕೆ. ಆ "ಸರಿಯಾದ ಜಾಗ" ಅನ್ನುವುದಕ್ಕೇ ವರ್ಷಗಳು ಹೋದವು. ಸ್ವಲ್ಪ ಮೇಲೆ ಕತ್ತರಿಸಿದರೆ ಹಿಡಿಯುವುದಿಲ್ಲ, ಸ್ವಲ್ಪ ಕೆಳಗಾದರೆ ನಿಲ್ಲುವುದಿಲ್ಲ. ಮುಳ್ಳುಕಾಯಿ ನೋಡಿ "ಅರೆ, ಇದು ಗುಂಡಿಯ ಬದಲು ಬಳಸಬಹುದಲ್ಲ" ಅಂತ ಆತನಿಗಿಂತ ಮುಂಚೆ ಯಾರಿಗೂ ಅನ್ನಿಸಿರಲಿಲ್ಲ ಅಂತ ನಾನು ನಂಬುವುದಿಲ್ಲ. ಕುಣಿಕೆ ಎಲ್ಲಿ ಕತ್ತರಿಸಬೇಕು ಅಂತ ಕೂತವನು ಆತ ಒಬ್ಬನೇ.

ಹಳದಿ ಚೀಟಿಯದೂ ಇದೇ ಹಾಡು. ಅಂಟಿಸಿ ಕೀಳಬಹುದಲ್ಲ, ಪೋಸ್ಟ್-ಇಟ್. 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋಗಿ ಅರೆಬರೆ ಅಂಟುವ ಅಂಟು ಮಾಡಿದರು. ಆರು ವರ್ಷ ಅದಕ್ಕೆ ಕೆಲಸವೇ ಇರಲಿಲ್ಲ. 1974ರಲ್ಲಿ ಅದೇ ಕಂಪನಿಯ ಆರ್ಟ್ ಫ್ರೈಗೆ ಚರ್ಚಿನಲ್ಲಿ ಹಾಡುವಾಗ ಪುಸ್ತಕದಲ್ಲಿಟ್ಟ ಗುರುತಿನ ಚೀಟಿ ಬಿದ್ದು ಬಿದ್ದು ಸಾಕಾಗಿತ್ತು. ಅಂಟಿಗೆ ಕೆಲಸ ಸಿಕ್ಕಿತು. 1977ರಲ್ಲಿ ಕೆಲವು ಊರುಗಳಲ್ಲಿ ಮಾರಿ ನೋಡಿದರು, ಯಾರೂ ಕೊಳ್ಳಲಿಲ್ಲ. ಸರಿಯಾಗಿ ಅಂಟದ ಕಾಗದವನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ? ಮರುವರ್ಷ ಬಾಯ್ಸಿ ಅನ್ನುವ ಊರಿನ ಆಫೀಸುಗಳಿಗೆ ಪುಕ್ಕಟೆ ಹಂಚಿದರು. ಬಳಸಿದವರು ಇನ್ನಷ್ಟು ಕೊಡಿ ಅಂದರು. ದೊಡ್ಡದಾಗಿ ಮಾರಾಟಕ್ಕೆ ಬಂದದ್ದು 1980ರಲ್ಲಿ. ಕೋಲು ಮಾಡಿದ ಹುಡುಗ ಎಲ್ಲಿ ಕೂತಿದ್ದಾನೋ, ಕೇಳಿಸಿಕೊಳ್ಳಪ್ಪಾ. ಕೈಗೆ ಕೊಡದೆ ಅದು ಬೇಕೋ ಬೇಡವೋ ಅಂತ ಅವರಿಗೂ ಗೊತ್ತಾಗುವುದಿಲ್ಲ, ನಿನಗೂ ಗೊತ್ತಾಗುವುದಿಲ್ಲ.

ಈಗ ನನ್ನ ಪೆದ್ದತನ. ನಮ್ಮವ್ವ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ವಯಸ್ಸಾದ ಮೇಲೆ ತೋಳು ನೋವು. ನಾನು ವರ್ಕ್‌ಶಾಪ್ ಮೇಷ್ಟ್ರು, ಅವ್ವನಿಗೊಂದು ರೊಟ್ಟಿ ಯಂತ್ರ ಮಾಡಿಕೊಡಲಾರೆನಾ ಅಂತ ಜಂಬ. ಪೂರಿ ಒತ್ತುವ ಮೆಷಿನ್ ನೋಡಿದ್ದೀರಲ್ಲ, ಅದನ್ನೇ ದೊಡ್ಡದು ಮಾಡಿದೆ. ಎರಡು ದಪ್ಪ ಉಕ್ಕಿನ ತಟ್ಟೆ, ಉದ್ದ ಹಿಡಿಕೆ, ಚೆನ್ನಾಗಿ ಪಾಲಿಶ್ ಮಾಡಿ ಮನೆಗೆ ಹೊತ್ತುಕೊಂಡು ಹೋದೆ. ಎತ್ತುವುದಕ್ಕೇ ಇಬ್ಬರು ಬೇಕಿತ್ತು. ಹಿಟ್ಟಿನ ಮುದ್ದೆ ಇಟ್ಟು ಒತ್ತಿದೆ. ತೆಗೆದು ನೋಡಿದರೆ ರೊಟ್ಟಿಯ ಅಂಚು ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿತ್ತು. ನೀರು ಜಾಸ್ತಿ ಹಾಕಿ ಒತ್ತಿದೆ, ತಟ್ಟೆಗೆ ಅಂಟಿತು. ಎಣ್ಣೆ ಸವರಿದೆ, ಅದು ರೊಟ್ಟಿ ಅನ್ನಿಸಿಕೊಳ್ಳಲಿಲ್ಲ.

ಅವ್ವ ಎಲ್ಲ ನೋಡುತ್ತಾ ಕೂತಿದ್ದಳು. ಕೊನೆಗೆ ಅಂದಳು: "ತಮ್ಮಾ, ನೀ ಒತ್ತಾಕತ್ತೀ. ನಾ ಎಲ್ಲಿ ಒತ್ತತೀನಿ? ಬಡದು ತಿರುವತೀನಿ."

ನಲವತ್ತು ವರ್ಷ ಅವಳ ರೊಟ್ಟಿ ತಿಂದಿದ್ದೆ. ಒಂದು ದಿನವೂ ಅವಳ ಕೈ ನೋಡಿರಲಿಲ್ಲ. ಅವತ್ತು ಮೊದಲ ಸಲ ಎದುರಿಗೆ ಕೂತು ನೋಡಿದೆ. ಬಲಗೈ ಬಡಿಯುತ್ತದೆ. ಒಂದೊಂದು ಪೆಟ್ಟಿಗೂ ರೊಟ್ಟಿ ಒಂದು ಬೆರಳಿನಷ್ಟು ತಿರುಗುತ್ತದೆ. ಎಡಗೈಯ ಅಂಚು ರೊಟ್ಟಿಯ ಸುತ್ತ ಗೋಡೆಯ ಹಾಗೆ ನಿಂತು, ಬಿರುಕು ಬಿಡಲು ಹೊರಟ ಅಂಚನ್ನು ಒಳಗೆ ತಳ್ಳಿ ಮುಚ್ಚುತ್ತಾ ಹೋಗುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಹಾಗೆ ಗ್ಲುಟೆನ್ ಇಲ್ಲ, ಎಳೆದರೆ ಹಿಗ್ಗುವುದಿಲ್ಲ. ಅದಕ್ಕೇ ಕುದಿಯುವ ಎಸರಿನಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದುವುದು. ಬಿಸಿಗೆ ಪಿಷ್ಟ ಬೆಂದು ಸ್ವಲ್ಪ ಜಿಗುಟು ಬರುತ್ತದೆ. ಉಳಿದದ್ದು ಎಡಗೈಯ ಕೆಲಸ. ನನ್ನ ಮೆಷಿನ್ನಿಗೆ ಎಡಗೈಯೇ ಇರಲಿಲ್ಲ. ಆ ಮೆಷಿನ್ ಕಥೆ ಇಲ್ಲಿಗೆ ಮುಗಿಯಲಿಲ್ಲ, ಕೊನೆಗೆ ಬರುತ್ತೇನೆ.

ಈಗ ನನ್ನ ಮೆಚ್ಚಿನ ಇಬ್ಬರ ವಿಷಯ. ರೈಟ್ ಸಹೋದರರು ನಿಮ್ಮವರೇ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ. ರಿಪೇರಿ ಮಾಡುತ್ತಿದ್ದರು, ತಮ್ಮದೇ ಸೈಕಲ್ ಮಾಡಿ ಮಾರುತ್ತಲೂ ಇದ್ದರು. ವಿಮಾನ ಮಾಡಲು ಸೈಕಲ್ ಅಂಗಡಿಯವರೇ ಯಾಕೆ ಬೇಕಾಯಿತು ಅಂತ ಯೋಚನೆ ಮಾಡಿ. ಆಗ ಹಾರಲು ಹೊರಟವರಲ್ಲಿ ಬಹಳ ಜನ ಗಾಳಿಯಲ್ಲಿ ಅಲ್ಲಾಡದೆ ತಾನೇ ನೆಟ್ಟಗೆ ನಿಲ್ಲುವ ಯಂತ್ರ ಮಾಡಬೇಕು, ಅದಕ್ಕೆ ಭಾರೀ ಇಂಜಿನ್ ಕೂರಿಸಬೇಕು ಅಂತ ಹೊರಟಿದ್ದರು. ಸೈಕಲ್ ತಾನೇ ನಿಲ್ಲುತ್ತದಾ? ಇಲ್ಲ. ಬೀಳುವ ಯಂತ್ರ ಅದು. ತುಳಿಯುವವನು ಕ್ಷಣಕ್ಷಣಕ್ಕೂ ಸರಿ ಮಾಡಿಕೊಳ್ಳುತ್ತಿರುತ್ತಾನೆ, ತಿರುವಿನಲ್ಲಿ ಒಂದು ಕಡೆ ವಾಲುತ್ತಾನೆ. ಹಾರುವ ಯಂತ್ರವೂ ಹೀಗೇ ಇರಲಿ, ನಡೆಸುವವನು ಸಂಭಾಳಿಸಲಿ ಅಂತ ಅವರಿಗೆ ಅನ್ನಿಸಿತು. ಅದಕ್ಕೇ ಇಂಜಿನ್ ಗೊಡವೆಗೆ ಹೋಗದೆ ಮೊದಲು ಗ್ಲೈಡರ್ ಮಾಡಿ ಓಡಿಸುವುದನ್ನು ಕಲಿತರು.

ರೆಕ್ಕೆಯನ್ನು ವಾಲಿಸುವುದು ಹೇಗೆ? 1899ರಲ್ಲಿ ಒಂದು ದಿನ ಅಂಗಡಿಯಲ್ಲಿ ಅಣ್ಣ ವಿಲ್ಬರ್ ಕೈಯಲ್ಲಿ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿ ಇತ್ತು. ಗಿರಾಕಿ ಜೊತೆ ಮಾತಾಡುತ್ತಾ ಸುಮ್ನೆ ಅದನ್ನು ತಿರುಚುತ್ತಿದ್ದರು. ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ. ರೆಕ್ಕೆಯನ್ನೂ ಹೀಗೇ ತಿರುಚಬಹುದು ಅಂತ ಹೊಳೆಯಿತು. ನೋಡಿ, ಇಲ್ಲೂ ಒಂದು "ಹೊಳೆಯಿತು" ಇದೆ. ಕಥೆ ಇಲ್ಲಿಗೇ ಮುಗಿದಿದ್ದರೆ ಅವರು ಹಾರುತ್ತಿರಲಿಲ್ಲ.

1901ರಲ್ಲಿ ದೊಡ್ಡ ಗ್ಲೈಡರ್ ಮಾಡಿ ಕಿಟಿ ಹಾಕ್ ಅನ್ನುವ ಕಡಲ ದಂಡೆಯ ಮರಳಿಗೆ ಒಯ್ದರು. ಲೆಕ್ಕ ಎಲ್ಲ ಪಕ್ಕಾ. ರೆಕ್ಕೆ ಎಷ್ಟು ಅಗಲ ಇದ್ದರೆ ಎಷ್ಟು ಭಾರ ಎತ್ತುತ್ತದೆ ಅಂತ ಆಗ ಕೋಷ್ಟಕಗಳಿದ್ದವು. ನೀವು ಪರೀಕ್ಷೆಗೆ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಒಯ್ಯುತ್ತೀರಲ್ಲ, ಹಾಗೆ. ಗ್ಲೈಡರ್ ಎತ್ತಿದ್ದು ಲೆಕ್ಕ ಹೇಳಿದ್ದರ ಮೂರನೇ ಒಂದು ಭಾಗದಷ್ಟು ಮಾತ್ರ. ಮಳೆ, ಸೊಳ್ಳೆ, ಸೋಲು. ಇನ್ನು ಐವತ್ತು ವರ್ಷ ಮನುಷ್ಯ ಹಾರುವುದಿಲ್ಲ ಅಂತ ಆಗ ತಮ್ಮನಿಗೆ ಹೇಳಿದ್ದಾಗಿ ವಿಲ್ಬರೇ ಆಮೇಲೆ ಒಪ್ಪಿಕೊಂಡಿದ್ದಾರೆ. ಎರಡು ವರ್ಷದಲ್ಲಿ ಅವರೇ ಹಾರಿದರು, ಆ ಮಾತು ಬೇರೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ರೆಕ್ಕೆ ಇನ್ನೂ ದೊಡ್ಡದು ಮಾಡುತ್ತಿದ್ದೆ. ಅಳತೆ ತಪ್ಪಿರಬೇಕು, ನನ್ನ ಕೈ ಸರಿ ಇಲ್ಲ ಅಂದುಕೊಳ್ಳುತ್ತಿದ್ದೆ. ಪುಸ್ತಕದಲ್ಲಿರುವ ನಂಬರ್ ತಪ್ಪಿರಬಹುದು ಅಂತ ನನಗೆ ಅನ್ನಿಸುತ್ತಲೇ ಇರಲಿಲ್ಲ. ಅವರಿಗೆ ಅನ್ನಿಸಿತು. ಆದರೆ ಪುಸ್ತಕ ಸುಳ್ಳು ಅಂತ ಕೂಗಾಡುತ್ತಾ ತಿರುಗಲಿಲ್ಲ. ನಾವೇ ಅಳೆದು ನೋಡೋಣ ಅಂದರು.

ಅಳೆಯುವುದು ಹೇಗೆ? ಈಗ ನಾನು ಹೇಳುವುದನ್ನು ಕಣ್ಣಿಗೆ ತಂದುಕೊಳ್ಳಿ. ಒಂದು ಸೈಕಲ್. ಹ್ಯಾಂಡಲ್ ಮುಂದೆ ಇನ್ನೊಂದು ಚಕ್ರವನ್ನು ಮಲಗಿಸಿ ಕೂರಿಸಿದ್ದಾರೆ, ಸಲೀಸಾಗಿ ತಿರುಗುವ ಹಾಗೆ. ಆ ಚಕ್ರದ ಅಂಚಿಗೆ ಎರಡು ತುಂಡು: ಒಂದು ಚಪ್ಪಟೆ ತಗಡು, ಇನ್ನೊಂದು ರೆಕ್ಕೆಯ ಹಾಗೆ ಬಾಗಿದ್ದು. ಸೈಕಲ್ ಜೋರಾಗಿ ತುಳಿದರೆ ಎದುರು ಗಾಳಿ ಎರಡನ್ನೂ ತಳ್ಳುತ್ತದೆ. ಕೋಷ್ಟಕ ನಿಜವಾಗಿದ್ದರೆ ಎರಡು ತಳ್ಳುವಿಕೆಯೂ ಸರಿಸಮ ಆಗಿ ಚಕ್ರ ಅಲ್ಲಾಡಬಾರದು. ಡೇಟನ್ ಬೀದಿಯಲ್ಲಿ ಕೋಟು ಟೈ ಹಾಕಿದ ಗೃಹಸ್ಥ ಮೂರು ಚಕ್ರದ ವಿಚಿತ್ರ ಸೈಕಲ್ ಏರಿ ಏದುಸಿರು ಬಿಡುತ್ತಾ ತುಳಿಯುತ್ತಿದ್ದಾನೆ, ಕಣ್ಣು ಮಾತ್ರ ಮುಂದಿನ ಚಕ್ರದ ಮೇಲೆ. ಚಕ್ರ ತಿರುಗಿತು.

ಅಷ್ಟಕ್ಕೂ ಸಮಾಧಾನ ಆಗಲಿಲ್ಲ, ಯಾಕೆಂದರೆ ಬೀದಿಯ ಗಾಳಿ ನಂಬುವ ಹಾಗಿಲ್ಲ. ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿದರು. ಬಾಯಿ ಹದಿನಾರು ಇಂಚು ಚೌಕ. ಒಂದು ಕಡೆ ಫ್ಯಾನ್, ಮೇಲೆ ಗಾಜು. ಒಳಗೆ ಇಡುವ ತಕ್ಕಡಿಯನ್ನು ಸೈಕಲ್ ಸ್ಪೋಕಿನ ತಂತಿ, ಹಳೇ ಹ್ಯಾಕ್ಸಾ ಬ್ಲೇಡಿನಿಂದ ಮಾಡಿಕೊಂಡರು. ಹಾಂ, ನಿಮ್ಮ ವರ್ಕ್‌ಶಾಪ್ ಮೂಲೆಯಲ್ಲಿ ಬಿದ್ದಿರುತ್ತಲ್ಲ, ಅದೇ ಬ್ಲೇಡ್. 1901ರ ಕೊನೆಯ ಎರಡು ಮೂರು ತಿಂಗಳಲ್ಲಿ ಇನ್ನೂರರ ಹತ್ತಿರ ಪುಟ್ಟ ಪುಟ್ಟ ರೆಕ್ಕೆ ಮಾಡಿ ಅದರೊಳಗಿಟ್ಟು ನೋಡಿದರು. ಇಷ್ಟೆಲ್ಲ ಅಳೆದ ಮೇಲೆ ಗೊತ್ತಾದದ್ದು ಏನು ಗೊತ್ತಾ? ಗಾಳಿಯ ಒತ್ತಡ ಲೆಕ್ಕ ಹಾಕಲು 18ನೇ ಶತಮಾನದಿಂದ ಹೆಚ್ಚಿನವರು 0.005 ಅನ್ನುವ ಅಂಕಿ ಬಳಸುತ್ತಿದ್ದರು. ಸ್ಮೀಟನ್ ಅನ್ನುವವರ ಹೆಸರಿನಲ್ಲಿ ನಡೆಯುತ್ತಿದ್ದ ಅಂಕಿ. ತಮ್ಮ ಗ್ಲೈಡರಿನ ಅಳತೆಯಿಂದ ಇವರಿಗೆ ಸಿಕ್ಕಿದ್ದು 0.0033. ಅಂದರೆ ರೆಕ್ಕೆ ಎತ್ತುವ ಭಾರದಲ್ಲಿ ಮೂರರಲ್ಲೊಂದು ಪಾಲು ಈ ಒಂದು ನಂಬರಿನಲ್ಲೇ ಹಾರಿಹೋಗಿತ್ತು. ನೂರು ವರ್ಷಕ್ಕೂ ಜಾಸ್ತಿ ಒಬ್ಬರ ನೋಟ್ಸ್ ನೋಡಿ ಇನ್ನೊಬ್ಬರು ಬರೆದುಕೊಂಡಿದ್ದರು. ಲ್ಯಾಬ್ ರೆಕಾರ್ಡ್ ಬರೆಯುವಾಗ ನೀವು ಮಾಡುವುದೂ ಅದೇ ಅಲ್ವಾ? ನಗಬೇಡಿ, ನಾನೂ ಮಾಡಿದ್ದೇನೆ.

ಮುಂದಿನದು ನಿಮಗೆ ಗೊತ್ತು. 1903ರ ಡಿಸೆಂಬರ್ 17. ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಈ ಹಾಲ್‌ನ ಆ ಬಾಗಿಲಿನಿಂದ ಈ ವೇದಿಕೆಯವರೆಗೆ ಅಂದುಕೊಳ್ಳಿ. ಅದೇ ದಿನದ ನಾಲ್ಕನೇ ಹಾರಾಟ 59 ಸೆಕೆಂಡ್, 852 ಅಡಿ. ಇಂಜಿನ್ ಮಾಡಿದ್ದು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್, ಆರು ವಾರದಲ್ಲಿ. ಇಂಜಿನ್‌ನಿಂದ ಪ್ರೊಪೆಲರ್‌ಗೆ ಹೋದದ್ದು ಸೈಕಲ್ ಮಾದರಿಯ ಚೈನ್. ಅದಕ್ಕೂ ಒಂಬತ್ತು ದಿನ ಮುಂಚೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅನ್ನುವ ದೊಡ್ಡ ವಿಜ್ಞಾನಿಯ ಯಂತ್ರ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು, ಎರಡನೇ ಸಲ. ಸರ್ಕಾರ ಅದಕ್ಕೆ ಕೊಟ್ಟ ದುಡ್ಡು 50,000 ಡಾಲರ್. ಲ್ಯಾಂಗ್ಲಿ ದಡ್ಡರಲ್ಲ. ಅವರ ಇಂಜಿನ್ ರೈಟ್ ಸಹೋದರರದ್ದಕ್ಕಿಂತ ಎಷ್ಟೋ ಮೇಲು. ಆದರೆ ಅದರ ಮೇಲೆ ಕೂತವನಿಗೆ ಓಡಿಸುವುದು ಕಲಿಯಲು ಅವಕಾಶವೇ ಇರಲಿಲ್ಲ. ಸೈಕಲ್ ಕಲಿಯದವನನ್ನು ಒಮ್ಮೆಲೇ ಬುಲೆಟ್ ಮೇಲೆ ಕೂರಿಸಿ ಇಳಿಜಾರಿಗೆ ಬಿಟ್ಟ ಹಾಗೆ.

ಇನ್ನು ಸಿ.ವಿ. ರಾಮನ್. ಅವರ ಹೆಸರು ಹೇಳಿದರೆ ಕ್ವಿಜ್ ಉತ್ತರದ ಹಾಗೆ ಫೆಬ್ರವರಿ 28, ವಿಜ್ಞಾನ ದಿನ, ನೊಬೆಲ್ 1930 ಅಂತೀರಿ. ಅದರ ಹಿಂದಿನ ಏಳು ವರ್ಷದ ಒಳಗೆ ಹೋಗೋಣ, 1921ರಿಂದ 1928ರವರೆಗೆ.

1921ರಲ್ಲಿ ಇಂಗ್ಲೆಂಡಿನಿಂದ ನರ್ಕುಂಡ ಅನ್ನುವ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಕಣ್ಣು ಕುಕ್ಕಿತು. ಸಮುದ್ರಕ್ಕೆ ಸ್ವಂತ ಬಣ್ಣ ಇಲ್ಲ, ಅದು ಆಕಾಶದ ಪ್ರತಿಬಿಂಬ ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ರೇಲೀ ಹೇಳಿದ್ದರು. ಆ ಕಾಲದಲ್ಲಿ ರೇಲೀ ಅಂದರೆ ಕೊನೆಯ ಮಾತು. ರಾಮನ್ ಜೊತೆ ನಿಕಲ್ ಪ್ರಿಸಂ ಅನ್ನುವ ಸಣ್ಣ ಸ್ಫಟಿಕ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಚಿಮ್ಮಿ ಬರುವ ಬೆಳಕು ಮಾಯ. ಪ್ರತಿಬಿಂಬ ಅಳಿಸಿದ ಮೇಲೂ ನೀಲಿ ಉಳಿಯುತ್ತದಾ? ಉಳಿಯಿತು. ಇನ್ನೂ ಚೆನ್ನಾಗಿ ಕಂಡಿತು. ಮುಂಬಯಿ ಬಂದರು ಮುಟ್ಟುವಷ್ಟರಲ್ಲಿ 'ನೇಚರ್' ಪತ್ರಿಕೆಗೆ ಬರಹ ಸಿದ್ಧ. ನಿಮ್ಮಲ್ಲಿ ಯಾರ ಹತ್ತಿರವಾದರೂ ಪೋಲರಾಯ್ಡ್ ಕನ್ನಡಕ ಇದ್ದರೆ ಸಂಜೆ ಕೆರೆ ಏರಿ ಮೇಲೆ ಹೋಗಿ ನೋಡಿ. ತಲೆ ಒಂಚೂರು ಓರೆ ಮಾಡಿದರೆ ನೀರಿನ ಹೊಳಪು ಹೆಚ್ಚು ಕಡಿಮೆ ಆಗುತ್ತದೆ. ನಮ್ಮೂರ ಕೆರೆಯಲ್ಲಿ ನಾನು ನೋಡಿದೆ. ನೀಲಿ ಏನೂ ಕಾಣಲಿಲ್ಲ, ಪಾಚಿ ಮಾತ್ರ ಸ್ಪಷ್ಟವಾಗಿ ಕಂಡಿತು.

ಹಡಗಿನಲ್ಲಿ ಸಮುದ್ರ ನೋಡಿದವರು ಸಾವಿರ ಜನ ಇದ್ದಾರು. ಜೇಬಿನಲ್ಲಿ ಪ್ರಿಸಂ ಇಟ್ಟುಕೊಂಡವರು ಎಷ್ಟು ಜನ? ರಾಮನ್ ಸ್ವಭಾವವೇ ಅದು. ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ನೌಕರಿ ಮಾಡುತ್ತಲೇ ಬೆಳಿಗ್ಗೆ ಸಂಜೆ ಬೌಬಜಾರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಮೃದಂಗ ತಬಲ ಕೇಳಿ ಸುಮ್ನೆ ತಲೆದೂಗಿ ಎದ್ದು ಹೋದವರಲ್ಲ. ಬೇರೆ ಚರ್ಮವಾದ್ಯಕ್ಕೆ ಶ್ರುತಿ ಸರಿಯಾಗಿ ನಿಲ್ಲದು, ಇದಕ್ಕೆ ಹೇಗೆ ನಿಲ್ಲುತ್ತದೆ ಅಂತ ಕೇಳಿ, ನಡುವಿನ ಕಪ್ಪು ಕರಣೆಯ ಭಾರದಿಂದ ಅಂತ ಪ್ರಯೋಗ ಮಾಡಿ ತೋರಿಸಿದವರು. ಅದು ಬೇರೆ ಉಪನ್ಯಾಸ, ಬಿಡಿ. ನಾನು ಹಾಡು ಕೇಳುವವನು, ಅಲ್ಲಿಗೆ ಹೋದರೆ ವಾಪಸ್ ಬರುವುದಿಲ್ಲ.

ಕಲ್ಕತ್ತಾಗೆ ಬಂದ ಮೇಲೆ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಅಂತ ಹತ್ತಾರು ಹುಡುಗರ ಜೊತೆ ಕೂತರು. 1923ರಲ್ಲಿ ಶಿಷ್ಯ ರಾಮನಾಥನ್ ನೀರಿನಲ್ಲಿ ಬೆಳಕು ಹಾಯಿಸಿ ನೋಡುವಾಗ ಒಂದು ಕಿರಿಕಿರಿ. ಬರಬಾರದ ಬಣ್ಣದ ಸಣ್ಣ ಹೊಳಪು. ನೀರಿನಲ್ಲಿ ಕೊಳೆ ಇದೆ, ಅದು ಫ್ಲೋರೆಸೆನ್ಸ್, ಅಂದರೆ ಕೊಳೆ ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವುದು ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಹೊಳಪು ಹೋಗಲಿಲ್ಲ. 1925ರಲ್ಲಿ ಕೃಷ್ಣನ್ ಬೇರೆ ದ್ರವಗಳಲ್ಲಿ ನೋಡಿದರು, ಅಲ್ಲೂ ಹೊಳಪು. 1927ರ ಕೊನೆಗೆ ವೆಂಕಟೇಶ್ವರನ್ ಗ್ಲಿಸರಿನ್ ಶುದ್ಧ ಮಾಡಿ ನೋಡಿದರೆ ನೀಲಿ ಬರಬೇಕಾದಲ್ಲಿ ಹಸಿರು ಛಾಯೆ. ಅದೂ ಪೋಲರೈಸ್ ಆದ ಬೆಳಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಫ್ಲೋರೆಸೆನ್ಸ್ ಆಗಿದ್ದರೆ ಹಾಗಿರುವುದಿಲ್ಲ.

ಅಂದರೆ ಐದು ವರ್ಷ ತೊಳೆದು ತೊಳೆದು ಹೋಗಲಾಡಿಸಲು ನೋಡಿದ ಕೊಳೆಯೇ ನೊಬೆಲ್ ಪ್ರಶಸ್ತಿ.

ಇಲ್ಲಿ ಎರಡು ವಿಷಯ ನನಗೆ ಮುಖ್ಯ. ಅವರು ನಿಜವಾಗಿ ತೊಳೆದರು. ಕೊಳೆ ಇರಬೇಕು ಅಂತ ಷರಾ ಬರೆದು ಮುಂದೆ ಹೋಗಲಿಲ್ಲ. ತೊಳೆಯದಿದ್ದರೆ ಅದು ಕೊಳೆಯಲ್ಲ ಅಂತ ಗೊತ್ತಾಗುತ್ತಲೇ ಇರಲಿಲ್ಲ. ಮತ್ತೆ, ಹೋಗದೆ ಉಳಿದದ್ದನ್ನು ಬರೆದಿಟ್ಟರು. ಕಾಣಲೇ ಇಲ್ಲ ಅನ್ನುವ ಹಾಗೆ ರೆಕಾರ್ಡ್ ಚಂದ ಮಾಡಲಿಲ್ಲ. ರಾಮನಾಥನ್ 1923ರಲ್ಲಿ ಆ ಸಾಲನ್ನು ನುಂಗಿದ್ದರೆ 1928ರಲ್ಲಿ ಯಾರಿಗೆ ಏನು ನೆನಪಾಗುತ್ತಿತ್ತು?

ಕೊನೆಯ ಪ್ರಯೋಗ ಎಷ್ಟು ಸರಳ ಅಂದರೆ ನಿಮಗೆ ಸಿಟ್ಟು ಬರುತ್ತದೆ. ಬಿಸಿಲನ್ನು ನೇರಳೆ ಗಾಜಿನ ಮೂಲಕ ದ್ರವಕ್ಕೆ ಬಿಡಿ. ನೋಡುವ ಕಡೆ ಇನ್ನೊಂದು ಗಾಜು ಇಡಿ, ಹಳದಿ ಹಸಿರು, ನೇರಳೆಯನ್ನು ಒಂಚೂರೂ ಬಿಡದಂಥದ್ದು. ಒಳಗೆ ಹೋದ ಬಣ್ಣವೇ ಹೊರಗೆ ಬರುವುದಾದರೆ ಪೂರಾ ಕತ್ತಲೆ ಕಾಣಬೇಕು. ಕಾಣಲಿಲ್ಲ. ಮಸುಕಾದ ಗೆರೆ ಉಳಿಯಿತು. ದ್ರವದೊಳಗೆ ಬೆಳಕು ಬಣ್ಣ ಬದಲಿಸಿಕೊಂಡಿದೆ! ಆ ಬೆಳಕು ಎಷ್ಟು ಕಡಿಮೆ ಅಂದರೆ ಕತ್ತಲೆ ಕೋಣೆಯಲ್ಲಿ ಕಣ್ಣು ಪಳಗುವವರೆಗೆ ಕಾಯದಿದ್ದರೆ ಕಾಣದು. 1928ರ ಜನವರಿ ಫೆಬ್ರವರಿಯಲ್ಲಿ ಹಾಗೆ ಕಣ್ಣು ಕೀಲಿಸಿ ಕೂತವರು ಕೃಷ್ಣನ್. ಪ್ರಶಸ್ತಿ ಬಂದದ್ದು ರಾಮನ್‌ಗೆ, ಅದು ಸರಿಯೇ. ಆದರೂ ಫೆಬ್ರವರಿ 28ಕ್ಕೆ ಶಾಲೆಗಳಲ್ಲಿ ಒಂದೇ ಫೋಟೋಗೆ ಹಾರ ಹಾಕುವುದು ನೋಡಿದಾಗ ಪಕ್ಕದಲ್ಲಿ ಇನ್ನೂ ಎರಡು ಮೂರು ಫೋಟೋಗೆ ಜಾಗ ಇತ್ತಲ್ಲ ಅನ್ನಿಸುತ್ತದೆ.

ದೂರದವರ ಮಾತು ಸಾಕು. ಇಲ್ಲೇ ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಬರೋಣ. ಅಬ್ದುಲ್ ಖಾದರ್ ನಡಕಟ್ಟಿನ, 2022ರ ಪದ್ಮಶ್ರೀ. ಅವರ ಮೊದಲ ಆವಿಷ್ಕಾರ ನಿಮಗೆಲ್ಲ ಇಷ್ಟ ಆಗುತ್ತದೆ. ಬೆಳಿಗ್ಗೆ ಬೇಗ ಏಳಲು ಆಗುತ್ತಿರಲಿಲ್ಲ. ಅಲಾರಾಂ ಹೊಡೆದರೆ ಬಂದ್ ಮಾಡಿ ಮತ್ತೆ ಮಲಗುವುದು. ಅಲಾರಾಂ ಗಡಿಯಾರಕ್ಕೆ ಚಾವಿ ಕೊಡುತ್ತೇವಲ್ಲ, ಅದು ಹೊಡೆಯುವಾಗ ಚಾವಿ ತಿರುಗುತ್ತದೆ. ಆ ಚಾವಿಗೆ ಒಂದು ದಾರ ಕಟ್ಟಿದರು. ಇನ್ನೊಂದು ತುದಿ ನೀರು ತುಂಬಿದ ಬಾಟಲಿಗೆ. ಅಲಾರಾಂ ಹೊಡೆದು ಚಾವಿ ತಿರುಗಿದರೆ ದಾರ ಸುತ್ತಿಕೊಂಡು ಬಾಟಲಿ ವಾಲುತ್ತದೆ, ನೀರು ನೇರ ಮುಖದ ಮೇಲೆ. ಇದಕ್ಕೆ ಸ್ಮಾರ್ಟ್ ಅಂತ ಹೆಸರಿಡುವುದಾದರೆ ನನ್ನ ಅಭ್ಯಂತರ ಇಲ್ಲ.

ಆಮೇಲಿನದು ಸರಪಳಿ. ಹೊಲದಲ್ಲಿ ಬೇರೆ ಹಣ್ಣಿನ ಗಿಡ ಕೈಹಿಡಿಯಲಿಲ್ಲ, ನೀರೂ ಸವಳು. ಹುಣಸೆ ಹಚ್ಚಿದರು. ಹುಣಸೆ ಬಂತು. ಬರೀ ಹಣ್ಣು ಮಾರಿದರೆ ಗಿಟ್ಟುವುದಿಲ್ಲ ಅಂತ ಉಪ್ಪಿನಕಾಯಿ, ಜಾಮ್ ಮಾಡಲು ಹೊರಟರು. ಆಗ ಬೀಜ ಬಿಡಿಸುವುದು ದೊಡ್ಡ ತಲೆನೋವು. ಹುಣಸೆ ಬೀಜ ಬಿಡಿಸಿದವರಿಗೆ ಗೊತ್ತು, ಕೈಯೆಲ್ಲ ಅಂಟು, ಉಗುರಿನ ಸಂದಿ ಉರಿ. ಬೀಜ ಬೇರ್ಪಡಿಸುವ ಯಂತ್ರ ಮಾಡಿದರು. ಮುಂದೆ ಬಿತ್ತನೆ ಕೂರಿಗೆ, ಬೀಜ ಗೊಬ್ಬರ ಒಟ್ಟಿಗೆ ಬೀಳುವಂಥದ್ದು. ಏನು ಕಂಡುಹಿಡಿಯಲಿ ಅಂತ ಅವರು ಕೂತು ಯೋಚನೆ ಮಾಡಿದ ಹಾಗೆ ನನಗೆ ಕಾಣುವುದಿಲ್ಲ. ಒಂದು ತಂಟೆ ಬಗೆಹರಿಸಿದರೆ ಅದರ ಹಿಂದೆ ಇನ್ನೊಂದು ನಿಂತಿರುತ್ತಿತ್ತು. ನಿಮ್ಮ ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಅಂತ ಗೂಗಲ್‌ನಲ್ಲಿ ಹುಡುಕುತ್ತೀರಿ. ಅಲ್ಲಿ ಸಿಗುವುದು ಕಸದ ಬುಟ್ಟಿಯೇ. ನಿಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಕೂತು ನೋಡಿ. ಯಾರಾದರೂ ಕೈ ಕೊಡವಿಕೊಂಡರೆ, ಸೊಂಟ ಹಿಡಿದುಕೊಂಡರೆ, ಅದೇ ಚಮಚವನ್ನು ಮೂರು ಸಲ ಹುಡುಕಿದರೆ ಬರೆದುಕೊಳ್ಳಿ.

ಹಿಂದಿನ ಸಾಲಿನಿಂದ ಯಾರೋ ಚೀಟಿ ಕಳಿಸಿದ್ದಾರೆ. "ಸರ್, ನಮಗೆ ಇರುವುದು ಒಂದು ಸೆಮಿಸ್ಟರ್. ಹದಿನಾಲ್ಕು ವರ್ಷ ಎಲ್ಲಿಂದ ತರೋಣ?" ಒಳ್ಳೆ ಪ್ರಶ್ನೆ. ರೈಟ್ ಸಹೋದರರ ಗಾಳಿ ಪೆಟ್ಟಿಗೆಯ ಕೆಲಸ ಮುಗಿದದ್ದು ಎರಡು ಮೂರು ತಿಂಗಳಲ್ಲಿ. ಒಂದು ಸೆಮಿಸ್ಟರ್‌ಗಿಂತ ಕಡಿಮೆ. ಪೂರ್ತಿ ಯಂತ್ರ ಮಾಡಬೇಡಿ, ಒಂದು ನಂಬರ್ ಅಳೆಯಿರಿ. ಕಣ್ಣು ಕಾಣದವರ ಜೊತೆ ಎರಡು ದಿನ ನಡೆದು, ಅವರ ಮಾಮೂಲಿ ಕೋಲು ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಎಣಿಸಿ ತನ್ನಿ. ನೆಲದ ಕಲ್ಲು ಕೋಲಿಗೆ ಸಿಗುತ್ತದೆ, ತಲೆಗೆ ತಾಗುವ ಮರದ ಕೊಂಬೆ ಸಿಗುತ್ತದಾ? ಆ ಪಟ್ಟಿ ತಂದವನಿಗೆ ನಾನು ಪರೀಕ್ಷಕನಾಗಿದ್ದರೆ ಪೂರಾ ಮಾರ್ಕ್ಸ್ ಕೊಡುತ್ತೇನೆ. ನಿಮ್ಮ ಮೇಷ್ಟ್ರು ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಇಲ್ಲೇ ಕೂತಿದ್ದಾರೆ, ಕೇಳಿ.

ರೊಟ್ಟಿ ಮೆಷಿನ್ ಕಥೆ ಬಾಕಿ ಇದೆ. ಉಕ್ಕಿನ ತಟ್ಟೆ ಗುಜರಿಗೆ ಹೋಯಿತು. ಹಳೇ ಜೀಪಿನ ವೈಪರ್ ಮೋಟರ್ ತಂದು ಒಂದು ಮರದ ಹಲಗೆ ನಿಧಾನಕ್ಕೆ ತಿರುಗುವ ಹಾಗೆ ಮಾಡಿದೆ. ಮೇಲೆ ಸ್ಪ್ರಿಂಗ್ ಹಾಕಿದ ಬಡಿಗೆ, ಅಂಗೈಯಷ್ಟೇ ಅಗಲ. ಪಕ್ಕದಲ್ಲಿ ಅಂಚು ಕಾಯಲು ಬಾಗಿದ ಪಟ್ಟಿ, ಅದು ಎಡಗೈ. ಪಟ್ಟಿ ನಿಂತಲ್ಲೇ ನಿಂತರೆ ರೊಟ್ಟಿ ದೊಡ್ಡದಾಗುವುದಿಲ್ಲ, ಹಾಗಾಗಿ ರೊಟ್ಟಿ ಬೆಳೆದ ಹಾಗೆ ಅದೂ ಹಿಂದೆ ಸರಿಯಬೇಕು. ಆ ಸರಿಯುವುದನ್ನು ಕೂರಿಸಲು ಏಳು ಸಲ ಬಿಚ್ಚಿ ಕಟ್ಟಿದೆ. ಏಳನೆಯದರಲ್ಲಿ ಬಿರುಕಿಲ್ಲದ ರೊಟ್ಟಿ ಬಂತು. ಅವ್ವನ ಮುಂದೆ ಪರಾತದಲ್ಲಿಟ್ಟು ಹೊಗಳಿಕೆಗೆ ಕಾದು ನಿಂತೆ.

ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸ್ವಲ್ಪ ಹೊತ್ತು ನೋಡಿ, ಒಂದು ಕಡೆ ಬೆರಳಿಟ್ಟು ಅಂದಳು: "ಇಲ್ಲಿ ದಪ್ಪ ಐತಿ ನೋಡು."